ಮೂರನೇ ಕೋಣೆಯ ಗುಂಡಿ ಮತ್ತು ‘ಮೇಲಿನಂತೆ’ ಎಂಬ ಪದ

ನಾನು, ವಯಸ್ಸು 41 ವರ್ಷ, ಉದ್ಯೋಗ ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ನೌಕರರ ಕಂಪ್ಯೂಟರ್ ಖಾತೆಗಳನ್ನು ನೋಡಿಕೊಳ್ಳುವುದು, ವಾಸ ಮನೆ ನಂಬರ್ 14, ಎರಡನೇ ಮಹಡಿ, ನೀರಿನ ಟ್ಯಾಂಕ್ ಹಿಂದಿನ ರಸ್ತೆ. ಈ ದಿನ ಬೆಳಿಗ್ಗೆ 10.30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಮೂರನೇ ಕೋಣೆಯಲ್ಲಿ ತೀರಿಕೊಂಡ ಹೆಂಗಸಿನ ಗಂಡನನ್ನು ತಾವು ವಿಚಾರಣೆಗೆ ಕೂರಿಸಿಕೊಂಡಿದ್ದೀರಿ. ಹೆಂಡತಿಯ ಕರೆ ಬಂದರೂ ಎತ್ತದೆ, ಆಮೇಲೆ ಅದನ್ನು ಫೋನಿನಿಂದ ಅಳಿಸಿದ್ದಾರೆ ಎಂಬ ಅನುಮಾನ ತಮಗಿದೆಯೆಂದು ಕೇಳಿದೆ. ಕರೆ ಅವರಿಗೆ ಬಂದೇ ಇಲ್ಲ.

ಮೃತರು ಪ್ಯಾಕಿಂಗ್ ವಿಭಾಗದವರು. ಎರಡು ಸ್ವೆಟರ್ ಹಾಕಿಕೊಂಡು ಬರುತ್ತಿದ್ದುದರಿಂದ ಎಲ್ಲರೂ ಸ್ವೆಟರ್ ಅಕ್ಕ ಎನ್ನುತ್ತಿದ್ದೆವು. ಅವರ ಗಂಡ ಮೂರನೇ ಕೋಣೆಯ ಬೀಗದ ಹೊಣೆಗಾರರು, ನಮಗೆ ಬೀಗದಣ್ಣ. ಗಂಡ ಹೆಂಡತಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಫೋನ್, ಅದು ಗಂಡನ ಹತ್ತಿರ ಇರುತ್ತಿತ್ತು.

ಪ್ರತಿ ಶೀತಕೋಣೆಯ ಒಳಗೆ ಒಂದು ಕೆಂಪು ಗುಂಡಿ ಇದೆ. ಒಳಗೆ ಸಿಕ್ಕಿಕೊಂಡವರು ಅದನ್ನು ಒತ್ತಿದರೆ, ಬೀಗದ ಹೊಣೆ ಯಾರದೋ ಅವರ ಮೊಬೈಲಿಗೆ ಕರೆ ಹೋಗುತ್ತದೆ. ನಂಬರನ್ನು ಅವರ ಕಂಪ್ಯೂಟರ್ ಖಾತೆಯಿಂದ ಯಂತ್ರವೇ ತೆಗೆದುಕೊಳ್ಳುತ್ತದೆ. ಖಾತೆಗೆ ಆ ನಂಬರ್ ಬರುವುದು ಸಿಬ್ಬಂದಿ ರಿಜಿಸ್ಟರಿನಿಂದ. ದಿನಾ ಮಧ್ಯಾಹ್ನ 1.00ಕ್ಕೆ ಒಂದು ಪ್ರೋಗ್ರಾಂ ತಾನೇ ಓಡಿ, ಖಾತೆಯಲ್ಲಿ ಏನಿದ್ದರೂ ಅಳಿಸಿ, ರಿಜಿಸ್ಟರಿನಲ್ಲಿ ಇರುವುದನ್ನು ಬರೆಯುತ್ತದೆ.

ರಿಜಿಸ್ಟರ್ ಬರೆಯುವವರು ಗುಮಾಸ್ತೆ ಅಕ್ಕ. ಅವರು ಕಂಪ್ಯೂಟರಿನಲ್ಲೂ ಕಾಗದದ ಪದ್ಧತಿ ಬಿಟ್ಟವರಲ್ಲ. ಮೇಲಿನ ಸಾಲಿನದ್ದೇ ಮಾಹಿತಿ ಕೆಳಗೂ ಇದ್ದರೆ ‘ಮೇಲಿನಂತೆ’ ಎಂದು ಬರೆಯುತ್ತಾರೆ. ನಾಲ್ಕು ವರ್ಷದ ಹಿಂದೆ ಅವರಿಗೆ ಹೇಳಿ ಹೇಳಿ ಸಾಕಾಗಿ, ‘ಮೇಲಿನಂತೆ’ ಎಂದು ಕಂಡಲ್ಲಿ ಹಿಂದಿನ ಸಾಲಿನದ್ದನ್ನು ನಕಲು ಮಾಡು ಎಂದು ಪ್ರೋಗ್ರಾಮಿನಲ್ಲಿ ನಾನೇ ಬರೆದೆ. ನನ್ನ ಬೆರಳುಗಳ ಪುಣ್ಯ ಕಟ್ಟಿಕೊಂಡೆಯಪ್ಪ ಎಂದು ಅಕ್ಕ ಹೇಳಿದ್ದರು. ನನಗೂ ಹೆಮ್ಮೆಯಾಗಿತ್ತು.

ದಿನಾಂಕ 14, ಶನಿವಾರ ಬೆಳಿಗ್ಗೆ 11.00ಕ್ಕೆ, ಮ್ಯಾನೇಜರ್ ಹೇಳಿದ್ದರಿಂದ ಅಕ್ಕ ರಿಜಿಸ್ಟರನ್ನು ವಿಭಾಗವಾರು ಜೋಡಿಸಿದರು. ತಾನು ಒಂದಕ್ಷರವನ್ನೂ ಮುಟ್ಟಿಲ್ಲ, ಸಾಲು ಮಾತ್ರ ಹಿಂದೆ ಮುಂದೆ ಆಗಿದೆ ಎಂದು ಅವರು ನಿನ್ನೆ ಅಳುತ್ತಾ ಹೇಳಿದ್ದು ನಿಜ. ಅಲ್ಲಿಯವರೆಗೆ ಕೆಲಸಕ್ಕೆ ಸೇರಿದ ದಿನದ ಕ್ರಮದಲ್ಲಿ ಸ್ವೆಟರ್ ಅಕ್ಕನ ಸಾಲು ಮೇಲೆ, ಗಂಡನ ಸಾಲು ಅದರ ಕೆಳಗೆ ಇತ್ತು. ಫೋನ್ ನಂಬರ್ ಹೆಂಡತಿಯ ಸಾಲಿನಲ್ಲಿ, ಗಂಡನ ಸಾಲಿನಲ್ಲಿ ‘ಮೇಲಿನಂತೆ’. ಜೋಡಿಸಿದ ಮೇಲೆ ಗಂಡನ ತಲೆಯ ಮೇಲೆ ಬಂದದ್ದು ಒಬ್ಬ ಲಾರಿ ಡ್ರೈವರ್.

ದಿನಾಂಕ 16, ಸೋಮವಾರ ಬೆಳಿಗ್ಗೆ 10.15ಕ್ಕೆ ವಾರದ ಪರೀಕ್ಷೆಗೆ ಗುಂಡಿ ಒತ್ತಿದಾಗ ಬೀಗದಣ್ಣನ ಫೋನ್ ಸದ್ದು ಮಾಡಲಿಲ್ಲ. ಅವರು ನನ್ನ ಮೇಜಿನ ಬಳಿ ಬಂದು, ಗುಂಡಿಗೆ ನನ್ನ ಮೇಲೆ ಮುನಿಸು ಕಣಯ್ಯಾ, ಸ್ವಲ್ಪ ನೋಡು ಎಂದರು. ಖಾತೆಯಲ್ಲಿ ಬೇರೆ ನಂಬರ್ ಇತ್ತು. 10.40ಕ್ಕೆ ನಾನು ಕೈಯಿಂದ ಸರಿಪಡಿಸಿದೆ. ಮತ್ತೆ ಒತ್ತಿದಾಗ ಫೋನ್ ಹೊಡೆದುಕೊಂಡಿತು. ಜೊತೆಗೆ ಬಂದಿದ್ದ ಸ್ವೆಟರ್ ಅಕ್ಕ, ಇವರು ನನ್ನ ಮಾತಿಗಂತೂ ಓಗೊಡಲ್ಲ, ಗುಂಡಿಗಾದರೂ ಓಗೊಡಲಿ ಎಂದು ನಕ್ಕರು. ಕೆಲಸ ಮುಗಿದಿದೆ ಎಂದು ನಾನು ಪುಸ್ತಕದಲ್ಲಿ ಬರೆದೆ.

ರಿಜಿಸ್ಟರಿನಲ್ಲೂ ತಿದ್ದದಿದ್ದರೆ 1.00 ಗಂಟೆಗೆ ಅದು ಅಳಿಸಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗುಮಾಸ್ತೆ ಅಕ್ಕ ಆ ದಿನ ರಜೆ. ನಾಳೆ ಅಕ್ಕನಿಗೆ ಹೇಳು ಎಂದು ಚೀಟಿ ಬರೆದು ಅಂಗಿಯ ಜೇಬಿನಲ್ಲಿಟ್ಟೆ. ಮರುದಿನ ಬೇರೆ ಅಂಗಿ ಹಾಕಿಕೊಂಡು ಹೋದೆ. ಒಗೆದು ಉಂಡೆಯಾದ ಆ ಚೀಟಿಯನ್ನು ಈಗ ಹಾಜರುಪಡಿಸಿದ್ದೇನೆ.

ನಾನು ತಿದ್ದಿದ ನಂಬರ್ ಉಳಿದದ್ದು 2 ಗಂಟೆ 20 ನಿಮಿಷ.

ದಿನಾಂಕ 18, ಬುಧವಾರ ಮಧ್ಯಾಹ್ನ 2.20ರ ಸುಮಾರಿಗೆ ಸ್ವೆಟರ್ ಅಕ್ಕ ಮೂರನೇ ಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು, ಒಳಗಿನ ಹಿಡಿ ಮಂಜುಗಟ್ಟಿ ತಿರುಗಲಿಲ್ಲ. ಯಂತ್ರದ ದಾಖಲೆಯ ಪ್ರಕಾರ ಗುಂಡಿಯನ್ನು 11 ಸಲ ಒತ್ತಲಾಗಿದೆ, ಮೊದಲನೆಯದು 2.31ಕ್ಕೆ, ಕೊನೆಯದು 3.06ಕ್ಕೆ. ಹನ್ನೊಂದೂ ಕರೆ ಹೋದದ್ದು 140 ಕಿಲೋಮೀಟರ್ ದೂರದಲ್ಲಿ ಲಾರಿ ಓಡಿಸುತ್ತಿದ್ದ ಡ್ರೈವರ್ ಫೋನಿಗೆ. ಗಾಡಿ ಓಡಿಸುವಾಗ ಫೋನ್ ಎತ್ತಬಾರದೆಂಬುದು ಕಂಪನಿಯ ನಿಯಮ, ಅವರು ಅದನ್ನು ಪಾಲಿಸಿದರು. ಬೀಗದಣ್ಣ ಕೂತಿದ್ದ ಕುರ್ಚಿಗೂ ಕೋಣೆಯ ಬಾಗಿಲಿಗೂ 28 ಮೀಟರ್. ಇಂದು ಬೆಳಿಗ್ಗೆ ನಾನೇ ಟೇಪು ಹಿಡಿದು ಅಳೆದೆ.

4.35ಕ್ಕೆ ಮಾಲು ತೆಗೆಯಲು ಬಾಗಿಲು ತೆರೆದವರು ಬೀಗದಣ್ಣನೇ. ಆಗಿನಿಂದ ಅವರು ಸಿಕ್ಕವರಿಗೆಲ್ಲ ಫೋನ್ ತೋರಿಸಿ, ಸೌಂಡ್ ಫುಲ್ ಇದೆ ಅಲ್ವಾ, ನೋಡ್ರಿ, ನಾನೇ ನಿದ್ದೆ ಮಾಡಿಬಿಟ್ನಾ ಎಂದು ಕೇಳುತ್ತಿದ್ದಾರೆ. ಅವರು ನಿದ್ದೆ ಮಾಡಿಲ್ಲ, ಏನನ್ನೂ ಅಳಿಸಿಲ್ಲ. ಅಳಿಸಿದ್ದು ನನ್ನ ಪ್ರೋಗ್ರಾಂ. ಇದನ್ನು ದಯವಿಟ್ಟು ಅವರಿಗೆ ಈ ದಿನವೇ ತಿಳಿಸಬೇಕು. ನಾನು ಹೇಳಲು ಹೋಗಿದ್ದೆ, ಅವರನ್ನು ಕೂರಿಸಿರುವ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ.

ಹೇಳಿಕೆ ಬರೆದುಕೊಂಡ ಕಾನ್ಸ್‌ಟೇಬಲ್ ಕೊನೆಯಲ್ಲಿ ನನ್ನ ವಿಳಾಸದ ಎದುರು ‘ಮೇಲಿನಂತೆ’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ ಪೂರ್ತಿ ಬರೆಯಲು ಕೋರಿದೆ. ಒಂದೇ ಹಾಳೆಯಲ್ಲಿದೆ, ಯಾಕೆ ಸುಮ್ಮನೆ ಎಂದು ಅವರು ಕೇಳಿದರು. ನಾಳೆ ಈ ಹಾಳೆಯ ಮೇಲೆ ಯಾರ ಹಾಳೆ ಬರುತ್ತದೋ ಗೊತ್ತಿಲ್ಲ ಎಂದೆ.

ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: 19, ಗುರುವಾರ, ಮಧ್ಯಾಹ್ನ 1.00 ಗಂಟೆ
ವಿಳಾಸ: ಮನೆ ನಂಬರ್ 14, ಎರಡನೇ ಮಹಡಿ, ನೀರಿನ ಟ್ಯಾಂಕ್ ಹಿಂದಿನ ರಸ್ತೆ
(ಸಹಿ)