ಲಾರಿ ಓಡುವ ದಿನ

ಎರಡು ಸಾವಿರದ ಒಂಬತ್ತರ ಚುನಾವಣೆಗೆ ಮೊದಲು, ಓಟಿನ ಕಾರ್ಡಿಗೆ ಫೋಟೋ ತೆಗೆಸಲು ಎನ್.ಆರ್. ಪುರದ ತಾಲೂಕು ಕಚೇರಿಯಲ್ಲಿ ನಿಂತು ನಿಂತು ವಿಘ್ನೇಶನಿಗೆ ಸಾಕಾಗಿತ್ತು. ಅವನ ಮುಂದೆ ವಯಸ್ಸಾದ ಗೆಳತಿಯರಿಬ್ಬರು, ನಾಗವೇಣಿ ಮತ್ತು ಜಹೀದಾ, ಗೋಡೆಗೆ ಒರಗಿ ಮಾತಾಡುತ್ತಿದ್ದರು.

"ಕರಾಚೀಲಿ ನಿನ್ನ ತಂಗಿಯೂ ಓಟು ಹಾಕ್ತಾಳೇನೇ ಜಹೀದಾ?"

"ಹೋದ ವರ್ಷ ಹಾಕಿದ್ಲಂತೆ. ಹಿಂಗೇ ಕಾಲು ನೋಯೋ ತನಕ ನಿಂತು."

"ಇಷ್ಟು ನಿಂತು ಓಟು ಹಾಕೋರು ಯುದ್ಧ ಬೇಕು ಅಂತಾರಾ ಮಾರಾಯ್ತಿ?"

"ಕಾರ್ಗಿಲ್ ಯುದ್ಧ ಆದಾಗ್ಲೂ ಎರಡೂ ಕಡೆ ಓಟಲ್ಲಿ ಗೆದ್ದೋರೇ ಇದ್ರಲ್ಲೇ."

ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಈಗ ವ್ಯಾಪಾರನೂ ಉಂಟಂತೆ. ನನ್ನ ಮಗ ಮಿಲಿಟ್ರಿ ಸೇರಿ ಕಾಶ್ಮೀರದ ಗಡೀಲಿ ಇದಾನಲ್ಲ, ಫೋನಲ್ಲಿ ಹೇಳ್ದ. ಸೇಬಿನ ಲಾರಿ ಆ ಕಡೆಗೆ ಹೋಗ್ತಾವಂತೆ, ಅವರ ಲಾರಿ ಈ ಕಡೆಗೆ ಬರ್ತಾವಂತೆ. ಲಾರಿ ಓಡೋ ದಿನ ಯಾರೂ ಗುಂಡು ಹೊಡೆಯಲ್ವಂತೆ."

"ವಾರಕ್ಕೆ ಎಷ್ಟು ದಿನ ಓಡ್ತಾವೆ?"

"ಎರಡು. ಆ ಎರಡು ದಿನ ನಂಗೆ ನಿದ್ದೆ ಬರುತ್ತೆ."

"ಉಳಿದ ಐದು ದಿನ ನಂಗೆ ಫೋನ್ ಮಾಡು. ನಂಗೂ ನಿದ್ದೆ ಇಲ್ಲ."

ಒಳಗಿನಿಂದ ಇಬ್ಬರ ಹೆಸರೂ ಕೂಗಿದರು. ನಾಗವೇಣಿ ಗೆಳತಿಯ ಭುಜ ಹಿಡಿದುಕೊಂಡು ಮೆಲ್ಲಗೆ ಹೆಜ್ಜೆಯಿಟ್ಟರು. ಬೇಗ ನಡೀರಿ ಅನ್ನಬೇಕೆಂದಿದ್ದ ವಿಘ್ನೇಶ ಅವರಿಗೆ ಬಾಗಿಲು ತೆರೆದು ಹಿಡಿದ.