ಕೂದಲಿನ ಕುಲಗೋತ್ರ

ಸಭೆಯ ಅಧ್ಯಕ್ಷರೇ, ಇಂದಿನ ಸನ್ಮಾನಿತರೂ ಕಲ್ಯಾಣದುರ್ಗದ ಹೆಸರಾಂತ ಕೂದಲು ವ್ಯಾಪಾರಿಗಳೂ ಆದ ಶ್ರೀ ಅಮರೇಶಪ್ಪನವರೇ, ಅವರ ಪಕ್ಕದಲ್ಲಿ ಅವರಿಗಿಂತ ದಪ್ಪನೆಯ ಹಾರ ಹಾಕಿಸಿಕೊಂಡು ಕುಳಿತಿರುವ ಶ್ರೀಮತಿ ಮಲ್ಲೇಶ್ವರಿಯವರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಸಭಿಕರೇ, ಸಿಗದೆ ಆಹ್ವಾನ ಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳುತ್ತಿರುವ ಸಭಿಕರೇ.

ನಾನು ಕರಿಬಸಮ್ಮ. ಹಿಂದೂಪುರದ ಈ ಗಡಿನಾಡು ನಾಟಕ ಸಂಘಕ್ಕೆ ಇಪ್ಪತ್ತೆಂಟು ವರ್ಷಗಳಿಂದ ವಿಗ್ಗು, ಗಡ್ಡ, ಮೀಸೆ ಕಟ್ಟಿಕೊಡುತ್ತಿರುವವಳು. ಇಷ್ಟು ವರ್ಷವೂ ನನ್ನ ಜಾಗ ಪರದೆಯ ಹಿಂದೆ ಇತ್ತು. ಇವತ್ತು ಮೈಕಿನ ಮುಂದೆ ಕರೆದಿದ್ದಾರೆ. ಏಕೆ? ಇದ್ದಕ್ಕಿದ್ದಂತೆ ನನ್ನ ಕಲೆ ಇವರ ಕಣ್ಣಿಗೆ ಬಿತ್ತೇ? ಅಂಥ ಅಪಾಯವೇನೂ ಆಗಿಲ್ಲ. ಬರುವ ಭಾನುವಾರ ನನ್ನ ಮಗಳು ಸ್ಪಂದನಳಿಗೂ ಅಮರೇಶಪ್ಪನವರ ಮಗ ವಿಜಯಕುಮಾರನಿಗೂ ಕಲ್ಯಾಣದುರ್ಗದಲ್ಲಿ ನಿಶ್ಚಿತಾರ್ಥ. ಸನ್ಮಾನಿತರನ್ನು ಹೊಗಳಲು ಬೀಗಿತ್ತಿಯಾಗುವವಳಿಗಿಂತ ಅಗ್ಗದ ಭಾಷಣಕಾರರು ಸಿಗುವುದಿಲ್ಲ ಎಂದು ನಮ್ಮ ಕಾರ್ಯದರ್ಶಿ ತಿರುಮಲೇಶ್ ಅವರಿಗೆ ಹೊಳೆದಿದೆ. "ಅಕ್ಕಾ, ಐದೇ ನಿಮಿಷ. ಕೂದ್ಲಲ್ಲಿ ಎಷ್ಟ್ ತರ ಐತೆ ಅಂತ ಎರಡ್ ಮಾತು ಹೇಳ್ಬುಟ್ಟು, ಬೀಗ್ರ ಬಗ್ಗೆ ನಾಲ್ಕ್ ಒಳ್ಳೆ ಮಾತಾಡ್ಬುಡು. ಅಂತೇ, ಅಷ್ಟೇ" ಎಂದರು. ನನ್ನ ಬಾಯಿಂದ ಒಂದು ಮಾತು ಹೆಚ್ಚುಕಡಿಮೆಯಾದರೆ ಸಂಬಂಧ ಮುರಿಯಬಹುದು ಎಂಬುದು ನನಗೂ ಗೊತ್ತಿದೆ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಮಗಳಿಗೂ ಗೊತ್ತಿದೆ. ಆದ್ದರಿಂದ ಮೊದಲು ಕೂದಲಿನ ವಿಷಯಕ್ಕೇ ಬರುತ್ತೇನೆ.

ಮಹನೀಯರೇ, ಕೂದಲಿಗೂ ಕುಲಗೋತ್ರವಿದೆ. ಎಲ್ಲಕ್ಕಿಂತ ಮೇಲಿನದು ಒಂದೇ ತಲೆಯಿಂದ ಜಡೆಯಾಗಿಯೇ ಕತ್ತರಿಸಿ, ಬುಡ ಒಂದು ಕಡೆ, ತುದಿ ಒಂದು ಕಡೆ ಇರುವಂತೆ ಜೋಪಾನವಾಗಿ ಇಟ್ಟ ಕೂದಲು. ವ್ಯಾಪಾರದಲ್ಲಿ ಇದಕ್ಕೆ ರೆಮಿ ಎನ್ನುತ್ತಾರೆ. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ, ಮೀನಿಗೆ ಇರುವ ಹಾಗೆ. ಅವೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ ಹತ್ತು ವರ್ಷ ತೊಳೆದರೂ ವಿಗ್ಗು ಸಿಕ್ಕಾಗುವುದಿಲ್ಲ. ಒಂದಷ್ಟು ಎಳೆ ತಲೆಕೆಳಗಾಗಿ ಸೇರಿಕೊಂಡವೋ, ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಕೆಳಗಿನದು ಬಾಚಣಿಗೆ ಕೂದಲು. ಲೇಪಾಕ್ಷಿಯಲ್ಲಿ, ಬೆಳುಗುಪ್ಪದಲ್ಲಿ, ಎಲ್ಲ ಊರಿನಲ್ಲೂ ಹೆಂಗಸರು ತಲೆ ಬಾಚಿ, ಉದುರಿದ್ದನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಮೊಪೆಡ್ಡಿನ ಮೇಲೆ ಬರುವವನಿಗೆ ಅದನ್ನು ಕೊಟ್ಟು ಸ್ಟೀಲ್ ಲೋಟ ತೆಗೆದುಕೊಳ್ಳುತ್ತಾರೆ. ಆ ಉಂಡೆಯಲ್ಲಿ ಬುಡ ಯಾವುದು, ತುದಿ ಯಾವುದು, ದೇವರಿಗೂ ತಿಳಿಯದು. ಅದಕ್ಕೆ ಆಸಿಡ್ ಸ್ನಾನ ಮಾಡಿಸಿ ಹುರುಪೆ ಕಿತ್ತು, ಮೇಲೆ ಸಿಲಿಕೋನ್ ಬಳಿಯುತ್ತಾರೆ. ಮೂರು ಸಲ ತಲೆ ತೊಳೆಯುವವರೆಗೆ ಸಿನಿಮಾ ನಟಿಯಂತೆ ಹೊಳೆಯುತ್ತದೆ. ನಾಲ್ಕನೆಯ ಸಲಕ್ಕೆ ಪಾತ್ರೆ ತಿಕ್ಕಲು ಇಟ್ಟುಕೊಳ್ಳಬಹುದು. ಇಂಥ ಕೂದಲನ್ನೇ ಮೊದಲ ದರ್ಜೆಯದೆಂದು ಮಾರುವವರೂ ಇದ್ದಾರೆ. ಅಮರೇಶಪ್ಪನವರು ಅಂಥವರಲ್ಲ. ನೋಡಿದಿರಾ, ಒಂದು ಒಳ್ಳೆಯ ಮಾತು ಆಯಿತು.

ಪ್ರಾಣಿಗಳನ್ನೂ ನಾವು ಬಿಟ್ಟಿಲ್ಲ. ಋಷಿಗಳ ಬಿಳಿ ಗಡ್ಡಕ್ಕೆ ಹಿಮಾಲಯದ ಚಮರಿ ಮೃಗದ ಕೂದಲು, ರಾಕ್ಷಸರ ಮೀಸೆಗೆ ಕುದುರೆ ಬಾಲದ ಕೂದಲು, ಗೊಂಬೆಗಳಿಗೆ ಮೇಕೆಯ ಮೃದುವಾದ ಉಣ್ಣೆ. ಸಂಘದ ಕೈಯಲ್ಲಿ ಕಾಸಿಲ್ಲದ ವರ್ಷ ಋಷಿ, ರಾಕ್ಷಸ, ರಾಜ, ಎಲ್ಲರಿಗೂ ಗೋಣಿಚೀಲದ ನಾರು. ಆ ವರ್ಷ ನಮ್ಮ ರಾಜರು ಸಿಂಹಾಸನದ ಮೇಲೆ ಕೂತು ಗದ್ದ ಕೆರೆದುಕೊಂಡದ್ದನ್ನು ಅಭಿನಯವೆಂದು ತಿಳಿದು ನೀವು ಚಪ್ಪಾಳೆ ತಟ್ಟಿದಿರಿ.

ಇನ್ನು ಮನುಷ್ಯ ಮಾಡಿದ ಕೂದಲು. ನೈಲಾನ್, ಅಕ್ರಿಲಿಕ್, ಶಾಖಕ್ಕೆ ಜಗ್ಗದ ಪಾಲಿಯೆಸ್ಟರ್. ಇದಕ್ಕೆ ಒಂದು ದೊಡ್ಡ ಗುಣವಿದೆ. ಒಮ್ಮೆ ಹೇಗೆ ಬಾಚಿದ್ದೀರೋ ಹಾಗೆಯೇ ಇರುತ್ತದೆ, ಮಳೆ ಬಂದರೂ ಗಾಳಿ ಬಂದರೂ ಅಭಿಪ್ರಾಯ ಬದಲಿಸುವುದಿಲ್ಲ. ಒಂದು ದೋಷವೂ ಇದೆ. ಒಂದು ಎಳೆಗೆ ಬೆಂಕಿ ತೋರಿಸಿ. ನಿಜವಾದ ಕೂದಲಾದರೆ ಕಮಟು ವಾಸನೆ ಬಂದು ಬೂದಿಯಾಗುತ್ತದೆ. ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಮರೇಶಪ್ಪನವರು ಅಪ್ಪಟ ಕೂದಲನ್ನು ಹೊರದೇಶಕ್ಕೆ ಕಳಿಸುತ್ತಾರೆ, ನಮ್ಮ ಸಂಘಕ್ಕೆ ಒಂದು ಟ್ರಂಕು ನೈಲಾನ್ ವಿಗ್ಗು ದಾನ ಮಾಡಿದ್ದಾರೆ. ಅದಕ್ಕಾಗಿಯೇ ಈ ಶಾಲು, ಈ ಹಣ್ಣಿನ ಬುಟ್ಟಿ. ದೀಪ ಹಚ್ಚುವಾಗ ನಟರನ್ನು ಸ್ವಲ್ಪ ದೂರ ನಿಲ್ಲಿಸಿರೆಂದು ಸಂಘದವರಲ್ಲಿ ವಿನಂತಿ.

ವಿಗ್ಗು ಕಟ್ಟುವವರಿಗೆ ಒಂದು ನೇಮವಿದೆ. ಗಿರಾಕಿಯ ಹೆಸರನ್ನು ಹೊರಗೆ ಹೇಳಬಾರದು. ನನ್ನ ಗಿರಾಕಿಗಳಲ್ಲಿ ಕೆಲವರು ಈ ವೇದಿಕೆಯ ಮೇಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ದಯವಿಟ್ಟು ಯಾರೂ ಹಣೆ ಮುಟ್ಟಿ ನೋಡಿಕೊಳ್ಳಬೇಡಿ.

ಈ ನೇಮವನ್ನು ನಾನು ಮನೆಯಲ್ಲೂ ಪಾಲಿಸಿದೆ. ಆರು ವರ್ಷದ ಹಿಂದೆ, ಸ್ಪಂದನ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ, ಅವಳ ತಲೆಯಲ್ಲಿ ರೂಪಾಯಿ ಅಗಲದ ಒಂದು ಜಾಗ ಬೋಳಾಯಿತು. ಆಮೇಲೆ ಇನ್ನೊಂದು. ನಾಲ್ಕು ತಿಂಗಳಲ್ಲಿ ಒಂದು ಎಳೆಯೂ ಉಳಿಯಲಿಲ್ಲ. ಮೈಯೇ ತನ್ನ ಕೂದಲಿನ ಮೇಲೆ ಜಗಳಕ್ಕೆ ಬೀಳುವ ಕಾಯಿಲೆ, ಅಂಟುವುದಲ್ಲ, ಜೀವಕ್ಕೆ ಅಪಾಯವಿಲ್ಲ, ಮತ್ತೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಕೂದಲು ಬರಲಿಲ್ಲ.

ಹೌದು ಸಭಿಕರೇ, ಈಗ ನೀವು ತಿರುಗಿ ಮೂರನೇ ಸಾಲನ್ನು ನೋಡುತ್ತಿದ್ದೀರಿ. ನೋಡಿ. ಬೆಳಗಿನಿಂದ ನೋಡುತ್ತಲೇ ಇದ್ದೀರಿ, ಆದರೆ ಬೇರೆ ಏನನ್ನೋ ನೋಡುತ್ತಿದ್ದಿರಿ.

ಆಗ ನಾನು ಏನು ಮಾಡಿದೆ? ನನಗೆ ಬರುವ ಕೆಲಸವನ್ನೇ ಮಾಡಿದೆ. ಕಲ್ಯಾಣದುರ್ಗದಿಂದ ಒಂದೇ ತಲೆಯ ಜಡೆ ತರಿಸಿ, ಮೂರು ತಿಂಗಳು ಕೂತು, ತೆಳು ಬಲೆಯ ಟೋಪಿಗೆ ಒಂದೊಂದೇ ಎಳೆ ಗಂಟು ಹಾಕಿದೆ. ಅದಕ್ಕಿಂತ ಒಳ್ಳೆಯ ವಿಗ್ಗನ್ನು ನಾನು ಈ ಜನ್ಮದಲ್ಲಿ ಕಟ್ಟಿಲ್ಲ. ಅಕ್ಕಪಕ್ಕದವರಿಗೆ ತಿಳಿಯಲಿಲ್ಲ, ಕಾಲೇಜಿಗೆ ತಿಳಿಯಲಿಲ್ಲ, ನನ್ನ ಒಡಹುಟ್ಟಿದ ಅಕ್ಕನಿಗೂ ತಿಳಿಯಲಿಲ್ಲ. ನನಗೆ ಎಷ್ಟು ಹೆಮ್ಮೆಯೆಂದರೆ, ಆ ವಿಗ್ಗಿನ ಕೆಳಗೆ ಒಂದು ಹುಡುಗಿ ಇದ್ದಾಳೆಂಬುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಕಳೆದ ತಿಂಗಳು ಹೆಣ್ಣು ನೋಡುವ ಶಾಸ್ತ್ರ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಗಂಡಿನ ತಾಯಿ ಹುಡುಗಿಯ ಜಡೆ ಬಿಚ್ಚಿ, ಬಾಚಿ, ಒಳಗೆ ಚೌರಿ ಸೇರಿಸಿ ಉದ್ದ ಮಾಡಿದ್ದಾರೆಯೇ ಎಂದು ಎಳೆದು ನೋಡಬೇಕು. ಹುಡುಗಿ ಎಷ್ಟು ಓದಿದ್ದಾಳೆಂದು ಕೇಳಲು ಮರೆತರೂ ಇದನ್ನು ಮರೆಯುವವರಿಲ್ಲ. ಮಲ್ಲೇಶ್ವರಿಯವರು ಬಿಚ್ಚಿದರು, ಬಾಚಿದರು, ಎಳೆದರು. ಗಂಟು ಅಲುಗಲಿಲ್ಲ, ಅಂಟು ಬಿಡಲಿಲ್ಲ. "ಚೌರಿ ಇಲ್ಲ ಕಣ್ರೀ, ಎಲ್ಲಾ ಸ್ವಂತದ್ದೇ!" ಎಂದರು. ಅಮರೇಶಪ್ಪನವರು ಕುರ್ಚಿಯಲ್ಲೇ ಕೂತು ಕಣ್ಣು ಕಿರಿದು ಮಾಡಿ, "ಫಸ್ಟ್ ಕ್ವಾಲಿಟಿ, ಚೂಡಗಾನೆ ತೆಲುಸ್ತುಂದಿ" ಎಂದರು. ನೋಡಿದ ಕೂಡಲೇ ತಿಳಿಯದೇ ಇರುತ್ತದೆಯೇ? ನನಗೆ ಮಾರಿದವರೇ ಅವರು.

ಇವತ್ತು ಬೆಳಿಗ್ಗೆ ಸ್ಪಂದನ ವಿಗ್ಗನ್ನು ರಾತ್ರಿ ಕೂರಿಸಿಡುವ ಮರದ ದಿಮ್ಮಿಯ ಮೇಲೆಯೇ ಬಿಟ್ಟು ಹೊರಬಂದಳು. "ನಾನು ಹಿಂಗೇ ಬತ್ತೀನಿ ಕಣಮ್ಮ. ನೋಡ್ಕಳ್ಳಿ. ನೋಡಿದ್ಮೇಲೆ ಬ್ಯಾಡ ಅಂದ್ರೆ ಬ್ಯಾಡ" ಎಂದಳು. ನಾನು ಬೈದೆ, ಅತ್ತುಕೊಂಡೆ, ಕೊನೆಗೆ ಅವಳ ಜೊತೆ ಆಟೋ ಹತ್ತಿದೆ. ಸಭಾಂಗಣದ ಗೇಟಿನಲ್ಲೇ ಮಲ್ಲೇಶ್ವರಿಯವರು ಎದುರಾದರು. ಅವಳ ತಲೆ ನೋಡಿ ಎರಡೂ ಕೈ ಕೆನ್ನೆಗಿಟ್ಟುಕೊಂಡರು. ಮುಗಿಯಿತು ಎಂದುಕೊಂಡೆ. ಅವರು ಏನೆಂದರು ಗೊತ್ತೇ? "ಅಯ್ಯೋ ನಮ್ಮವ್ವಾ! ತಿರುಪತಿಗೆ ಹೋಗ್ಬಂದ್ಯಾ? ಅಷ್ಟುದ್ದ ಜಡೇನ ಸ್ವಾಮಿಗೆ ಕೊಟ್ಬುಟ್ಯಾ? ಮದ್ವೆ ಮುಂದಿಟ್ಕಂಡು ಎಂಥಾ ಭಕ್ತಿ ಕಣಮ್ಮ!"

ನಾನು ಏನೆಂದೆ? "ಹೂಂ ಕಣಮ್ಮ, ಹರಕೆ ಇತ್ತು" ಎಂದೆ.

ಐದು ನಿಮಿಷದಲ್ಲಿ ನನ್ನ ಮಗಳು ಮಹಾಭಕ್ತೆಯಾದಳು. ಹೆಂಗಸರು ಬಂದು ಬಂದು ಕೈ ಮುಗಿದರು. ಮೂವರು ಲಡ್ಡು ಪ್ರಸಾದ ಎಲ್ಲಿ ಎಂದು ಕೇಳಿದರು. ಅಧ್ಯಕ್ಷರು ತಮ್ಮ ಭಾಷಣದಲ್ಲಿ ಅವಳನ್ನು ಇಂದಿನ ಯುವಜನಾಂಗಕ್ಕೆ ಮಾದರಿಯೆಂದರು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಒಂದು ಪ್ರಶ್ನೆ ಕೇಳುತ್ತೇನೆ, ಸಭಿಕರೇ. ದೇವರು ತೆಗೆದುಕೊಂಡ ಕೂದಲಿಗೆ ಕೈ ಮುಗಿಯುತ್ತೀರಿ. ಕಾಯಿಲೆ ತೆಗೆದುಕೊಂಡ ಕೂದಲಿಗೆ ಮೂಗು ಮುರಿಯುತ್ತೀರಿ. ಬೋಳು ತಲೆ ಎರಡೂ ಕಡೆ ಒಂದೇ ಅಲ್ಲವೇ? ನಿಮ್ಮನ್ನೇಕೆ ಬೈಯಲಿ? ಆ ಸುಳ್ಳನ್ನು ಹೇಳಿದವಳು ನಾನೇ.

ಚಪ್ಪಾಳೆ ಮುಗಿದ ಮೇಲೆ ಸ್ಪಂದನ ನನ್ನನ್ನು ನಟರು ವೇಷ ಹಾಕುವ ಬಣ್ಣದ ಕೋಣೆಗೆ ಎಳೆದುಕೊಂಡು ಹೋದಳು. "ಇದ್ನ ನೀನೇ ಸರಿ ಮಾಡ್ಬೇಕು. ಇಲ್ದಿದ್ರೆ ಭಾನುವಾರ ನಾನು ಕಲ್ಯಾಣದುರ್ಗದ ಬಸ್ ಹತ್ತಲ್ಲ" ಎಂದಳು. ಹುಡುಗನಿಗೆ ಗೊತ್ತಾದರೆ ಏನು ಗತಿ ಎಂದೆ. ಆಗ ಅವಳು ನಕ್ಕಳು. ಹೆಣ್ಣು ನೋಡಲು ಬಂದ ದಿನವೇ, ಹಿತ್ತಲಲ್ಲಿ ಮಾತಾಡಲು ಬಿಟ್ಟ ಹತ್ತು ನಿಮಿಷದಲ್ಲೇ ಹೇಳಿಬಿಟ್ಟಿದ್ದಳಂತೆ. ಪೆನುಕೊಂಡದ ಕಾರು ಫ್ಯಾಕ್ಟರಿಯಲ್ಲಿ ಬಣ್ಣದ ಮೇಲಿನ ಗೀರು ಹುಡುಕುವುದೇ ಅವನ ಕೆಲಸ. ವಿಜಯಕುಮಾರ ಹೇಳಿದನಂತೆ: "ಒಳಕ್ಕೆ ಬರ್ತಾನೇ ಗೊತ್ತಾಯ್ತು ಕಣ್ರೀ. ನಮ್ಮಪ್ಪನ ಜೊತೆ ಇಪ್ಪತ್ತೆಂಟು ವರ್ಷ ಬದುಕಿದೀನಿ, ವಿಗ್ ಗುರುತು ಹಿಡಿಯೋಕೆ ಬರಲ್ವಾ?"

ಅಮರೇಶಪ್ಪನವರೇ, ಕ್ಷಮಿಸಿ. ಗಿರಾಕಿಯ ಹೆಸರನ್ನು ನಾನು ಹೇಳಲಿಲ್ಲ, ನಿಮ್ಮ ಮಗ ಹೇಳಿದ್ದು.

ಮಲ್ಲೇಶ್ವರಿಯವರೇ, ನನ್ನ ಮಗಳು ತಿರುಪತಿಗೆ ಹೋಗಿರಲಿಲ್ಲ. ನೀವು ಬಾಚಿದ ಜಡೆ ಅವಳದಲ್ಲ. ಆರು ತಿಂಗಳು ಕಾದರೂ ಈ ತಲೆಯಲ್ಲಿ ಕೂದಲು ಬರುವುದಿಲ್ಲ. ಭಾನುವಾರ ನೀವು ತಾಂಬೂಲ ಇಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಬೇಡವೆಂದರೆ ಹುಡುಗಿಯದೇನೂ ತಪ್ಪಿಲ್ಲ, ಅವಳು ಹೇಳಬೇಕಾದವನಿಗೆ ಅವತ್ತೇ ಹೇಳಿದ್ದಾಳೆ. ಮುಚ್ಚಿಟ್ಟವಳು ನಾನೊಬ್ಬಳೇ. ಅವಳ ಹಿತಕ್ಕೆಂದು ಆರು ವರ್ಷ ಹೇಳಿಕೊಂಡೆ. ನಾಚಿಕೆ ಪಟ್ಟದ್ದು ನಾನು, ತೊಟ್ಟುಕೊಂಡದ್ದು ಅವಳು.

ತಿರುಮಲೇಶ್ ಅವರು ಚೀಟಿ ಕಳಿಸಿದ್ದಾರೆ, ಇದು ಮೂರನೆಯದು. ಮುಗಿಸುತ್ತೇನೆ. ಬಣ್ಣದ ಕೋಣೆಯಿಂದ ಹೊರಬರುವಾಗ ಸ್ಪಂದನ ಇನ್ನೊಂದು ಮಾತು ಕೇಳಿದಳು. "ಊರೋರ್ ಕೂದ್ಲೆಲ್ಲಾ ಕೈಯಾಗೆ ಹಿಡ್ಕಂಡು ಕೂಕಂತೀಯ. ಇದು ಹಿಂಗಾದ್ಮೇಲೆ ನನ್ ತಲೆ ಒಂದ್ ದಿನಾನಾದ್ರೂ ಮುಟ್ಟಿದ್ಯೇನಮ್ಮ?" ಯೋಚಿಸಿ ನೋಡಿದೆ. ಅಳತೆ ತೆಗೆಯುವಾಗಲೂ ಬಟ್ಟೆಯ ಟೋಪಿ ಹಾಕಿಸಿಯೇ ಟೇಪು ಹಿಡಿದಿದ್ದೆ. ಚಮರಿಯ ಕೂದಲು ಮುಟ್ಟಿದ್ದೇನೆ, ಕುದುರೆಯ ಬಾಲ ಮುಟ್ಟಿದ್ದೇನೆ, ಯಾರ್ಯಾರದೋ ತಲೆಯಿಂದ ಉದುರಿದ ಉಂಡೆಗಳನ್ನು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ತಲೆ ಮುಟ್ಟಿರಲಿಲ್ಲ. ನೇರವಾಗಿ ಬಂದು ಈ ಮೈಕು ಹಿಡಿದುಕೊಂಡೆ.

ಕರೆದ ಸಂಘಕ್ಕೂ, ಕೇಳಿದ ನಿಮಗೂ, ನಡುವೆ ಎದ್ದು ಹೋಗದ ಬೀಗರಿಗೂ ಕೃತಜ್ಞತೆಗಳು. ಫಲತಾಂಬೂಲ ತೆಗೆದುಕೊಳ್ಳಲು ನಾನು ಈಗ ನಿಲ್ಲುವುದಿಲ್ಲ. ಮೂರನೇ ಸಾಲಿಗೆ ಹೋಗಬೇಕು. ದಾರಿ ಬಿಡಿ, ನನ್ನ ಮಗಳ ತಲೆಯ ಮೇಲೆ ಕೈ ಇಡಬೇಕು. ನಮಸ್ಕಾರ.