ಹನ್ನೆರಡು ಗೆರೆ, ಎಂಟು ಗೆರೆ, ನಾಲ್ಕು ಗೆರೆ

ಬಾಯಿ ತೆಗೆದರೆ ಸುಳ್ಳು ಅಂತ ಹೆಸರು ಬಿದ್ದಮೇಲೆ ನಿಜ ಹೇಳೋದು ಬಲು ಕಷ್ಟ. ಆದರೂ ಇದು ನಿಜ. ನಡೆದದ್ದು ನನ್ನ ದೊಡ್ಡಪ್ಪನ ಮಗನಿಗೆ. ಗಣಿಯಲ್ಲಿ ಅವನನ್ನು ಕರೆಯೋದೇ ‘ಕಿವಿ’ ಅಂತ.

ಕೆಲಸ ಹಾಗಿತ್ತು. ಗಣಿಯ ನೆತ್ತಿ ಮೇಲೊಂದು ತಗಡಿನ ಕೋಣೆ. ಅದರ ಸಿಮೆಂಟು ನೆಲದಲ್ಲಿ ತೋಳುದ್ದದ ಉಕ್ಕಿನ ಗೂಟ ಹೂತಿತ್ತು. ಗೂಟದ ತಲೆಗೆ ಯಂತ್ರ. ಕೆಳಗೆ ಬಂಡೆ ಮಿಸುಕಿದರೆ ಸಾಕು, ಓಡುವ ಕಾಗದದ ಮೇಲೆ ಮುಳ್ಳು ಚರ್ರ್ ಅಂತ ಗೀಚುತ್ತಿತ್ತು. ಕಿವಿಯ ಭಾವ, ಅಂದರೆ ಅಕ್ಕನ ಗಂಡ, ಕೆಳಗೆ ಸುತ್ತಿಗೆ ಕೆಲಸದವನು. ಮೈದುನನನ್ನು ಕಂಡಾಗಲೆಲ್ಲ, ನೆಲದ ಹೊಟ್ಟೆ ಗುಡುಗುಡು ಕೇಳೋ ಡಾಕ್ಟರು ಬಂದರು, ದಾರಿ ಬಿಡಿ ಅಂತ ಕಾಲೆಳೆಯುತ್ತಿದ್ದ.

ಒಂದು ಸೋಮವಾರ ಸುರಂಗ ಕುಸಿಯಿತು. ಎಲ್ಲರೂ ಹೊರಗೆ ಓಡಿಬಂದರು. ಭಾವ ಬರಲಿಲ್ಲ.

ಗಣಿಗೊಂದು ಕಟ್ಟಳೆ ಇದೆ. ಸಿಕ್ಕಿಬಿದ್ದವನು ಬಂಡೆಗೆ ಹತ್ತು ಸಲ ಬಡೀಬೇಕು. ಕಾಲು ಗಂಟೆ ಸುಮ್ಮನಿದ್ದು ಮತ್ತೆ ಹತ್ತು. ಮೇಲಿನವರು ಮೂರು ಸಿಡಿಮದ್ದು ಹಾರಿಸಿ, ಕೇಳಿಸಿತು ಅಂತ ತಿಳಿಸಬೇಕು. ಹಗಲೆಲ್ಲ ಅಗೆತ, ರಾತ್ರಿ ಯಂತ್ರಗಳನ್ನೆಲ್ಲ ನಿಲ್ಲಿಸಿ ಆಲಿಸೋದು. ಬಡಿತ ಬರುತ್ತಿರುವ ತನಕ ಅಗೆಯೋದು ನಿಲ್ಲಿಸುವ ಹಾಗಿಲ್ಲ.

ಆ ರಾತ್ರಿ ಹನ್ನೊಂದಕ್ಕೆ ಕಿವಿ ಅಕ್ಕನ ಮನೆಯಿಂದ ಹೊರಟ. ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. "ನೀನು ಕೇಳಿಸ್ಕೋ ಸಾಕು" ಅಂದಳು, ಅಷ್ಟೇ. ದಾರಿಯಲ್ಲಿ ಗಾಳಿಬಾವಿ, ಸುರಂಗಕ್ಕೆ ಉಸಿರು ಕೊಡುವ ಬಾವಿ. ಯಾವತ್ತೂ ಹೂ... ಅಂತ ಊದುತ್ತಿದ್ದದ್ದು ಅವತ್ತು ಬಾಯಿ ಮುಚ್ಚಿತ್ತು.

ಒಂದೂ ಹತ್ತಕ್ಕೆ... ಟಕ್. ಟಕ್. ಟಕ್. ಕಿವಿ ಉಸಿರು ಬಿಗಿಹಿಡಿದು ಎಣಿಸಿದ. ಹತ್ತು.

ಎಂಜಿನಿಯರು ಹಾಸಿಗೆಯಿಂದ ಎದ್ದವರು ಹಾಗೇ ಓಡಿಬಂದರು. ಕಾಲು ಗಂಟೆಗೆ ಮತ್ತೆ ಹತ್ತು. ಮೂರು ಸಿಡಿಮದ್ದು ಹಾರಿತು. ಅಕ್ಕನಿಗೆ ಮನೆಯಲ್ಲೇ ಕೇಳಿಸಿತಂತೆ.

ಕಿವಿ ಸ್ಕೇಲು ತೆಗೆದು ಅಳೆದ. ಒಂದೊಂದು ಬಡಿತಕ್ಕೂ ಎರಡು ಅಲೆ. ನೂಕುವ ಅಲೆ ಮೊದಲು, ಪಕ್ಕಕ್ಕೆ ಅಲುಗಾಡಿಸುವ ಅಲೆ ಆಮೇಲೆ. ಮಿಂಚಿನ ಹಿಂದೆ ಗುಡುಗು ಬಂದ ಹಾಗೆ, ನಡುವಿನ ಅಂತರದಲ್ಲೇ ದೂರ ಸಿಕ್ಕುತ್ತೆ. ಕಾಗದದ ಒಂದು ಗೆರೆಗೆ ಇಪ್ಪತ್ತು ಗಜ. ಅಂತರ ಹನ್ನೆರಡು ಗೆರೆ. ಕುಸಿದ ಸುರಂಗ ಇದ್ದದ್ದೂ ಸರಿಯಾಗಿ ಇನ್ನೂರ ನಲವತ್ತು ಗಜ ಕೆಳಗೆ. ಭಾವನೇ, ಅನುಮಾನ ಇಲ್ಲ.

ಎರಡನೇ ರಾತ್ರಿ ಎಂಟು ಗೆರೆ. ಭಾವ ಮೇಲೆ ಬರುತ್ತಿದ್ದಾನೆ ಅಂತ ಕಿವಿ ಕುಣಿದಾಡಿಬಿಟ್ಟ. ಅಂಕಿಯನ್ನು ಮುತ್ತು ಪೋಣಿಸಿದ ಹಾಗೆ ಪುಸ್ತಕದಲ್ಲಿ ಬರೆದಿಟ್ಟ. ಅಲ್ಲೇ ಕೆಟ್ಟದ್ದು. ಬರೀ ಕೇಳಿಸಿತು ಅಂದಿದ್ದರೆ ಅಗೆಯುತ್ತಿದ್ದರು.

ಮೂರನೇ ರಾತ್ರಿ ನಾಲ್ಕು. ಎಂಜಿನಿಯರು ಪುಸ್ತಕ ನೋಡಿದರು, ಗಣಿಯ ನಕ್ಷೆ ನೋಡಿದರು, ಕಿವಿಯ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಎರಡನೇ ಅಲೆ ನೀರಲ್ಲಿ, ಪೊಳ್ಳಲ್ಲಿ ಹಾಯಲ್ಲ, ಸಾಯುತ್ತೆ. ಭೂಮಿ ನಡುವೆ ಕರಗಿದ ಕಬ್ಬಿಣ ಇದೆ ಅಂತ ಯಾರೂ ಇಳಿದು ನೋಡ್ಕೊಂಡು ಬಂದಿಲ್ಲಪ್ಪ, ಆ ಅಲೆ ಅಲ್ಲಿ ಸತ್ತಿದ್ದಕ್ಕೇ ಗೊತ್ತಾಗಿದ್ದು. ಇಲ್ಲಿ ಎರಡೂ ಅಲೆ ನೆಟ್ಟಗೆ ಬಂದಿವೆ. ಅಂದ್ರೆ ನಡುವೆ ಇರೋದು ಗಟ್ಟಿ ಬಂಡೆ. ಬಂಡೆಯೊಳಗೆ ನಡೆಯೋ ಮನುಷ್ಯ ಇದಾನಾ?"

ಅದು ಭಾವ ಸರ್, ಅಂತ ಮಾತ್ರ ಅಂದ ಕಿವಿ.

"ಯಂತ್ರ ಕೆಟ್ಟಿದೆ. ಮೊದಲನೇ ದಿನಾನೂ ಕೆಟ್ಟೇ ಇತ್ತು."

ಅಗೆತ ನಿಂತಿತು. ನಾಲ್ಕನೇ ದಿನ ಸುರಂಗದ ಬಾಯಿಗೆ ಕಾಂಕ್ರೀಟು ಸುರಿದರು. ಸಿಡಿಮದ್ದಿನ ಕೋಣೆಯ ಬೀಗದಕೈ ಎಂಜಿನಿಯರ ಜೇಬು ಸೇರಿತು. ಯಂತ್ರ ಬೆಳಿಗ್ಗೆ ಕೀಳೋಣ ಅಂದರು.

ಆ ರಾತ್ರಿ ಕಿವಿಯನ್ನು ಯಾರೂ ಕರೆಯಲಿಲ್ಲ. ಕಾಲು ಕೇಳಬೇಕಲ್ಲ. ಹೋಗಿ ಸ್ಟೂಲಿನ ಮೇಲೆ ಕೂತ.

ಒಂದೂ ಹತ್ತು.

ಟಕ್.

ಸ್ಕೇಲು ಬೇಕಾಗಲಿಲ್ಲ. ಎರಡೂ ಅಲೆ ಒಂದರ ಮೇಲೊಂದು ಬಿದ್ದಿದ್ದವು. ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲ... ಸ್ಟೂಲಿನ ಕಾಲು ಅದುರಿತು. ಟಕ್. ಟಕ್. ಚಪ್ಪಲಿಯ ಅಡಿಗೇ.

"ಭಾವ..." ಅಂದ ಕಿವಿ, ಪಿಸುಮಾತಲ್ಲಿ.

ಹತ್ತು ಮುಗಿಯಿತು. ಉತ್ತರ ಕೊಡಲು ಸಿಡಿಮದ್ದಿಲ್ಲ. ಎದ್ದು ನಿಂತು ಹಿಮ್ಮಡಿಯಿಂದ ನೆಲಕ್ಕೆ ಮೂರು ಸಲ ಗುದ್ದಿದ. ಮುಳ್ಳು ಅವನ ಮೂರು ಗುದ್ದನ್ನೂ ಬರೆದುಕೊಂಡು ಸುಮ್ಮನಾಯಿತು. ಆಮೇಲೆ ಕಿವಿ ಸಿಮೆಂಟು ಕೆರೆಯತೊಡಗಿದ. ಮೊದಲು ಸ್ಕೇಲಿನಲ್ಲಿ, ಅದು ಮುರಿದಮೇಲೆ ಉಗುರಿನಲ್ಲಿ. ಕಾಲು ಗಂಟೆ ಕಳೆಯಿತು. ಅರ್ಧ ಗಂಟೆ. ಮತ್ತೆ ಬಡಿತ ಬರಲಿಲ್ಲ.

ಬೆಳಗ್ಗೆ ಅಕ್ಕ ಬಾಗಿಲಲ್ಲೇ ಇದ್ದಳು. "ಕೇಳಿಸ್ತಾ?" ಅಂದಳು. ಕಿವಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಹತ್ತು ಗಂಟೆಗೆ ಯಂತ್ರ ಕಿತ್ತರು. ಗೂಟ ಎಳೆಯಲು ನಾಲ್ಕು ಜನ ಬೇಕಾಯಿತು. ಹೂಳುವಾಗ ಅದರ ತುದಿ ಸೂಜಿಯ ಹಾಗೆ ಚೂಪಾಗಿತ್ತು, ಹೂತವನು ಕಿವಿಯೇ. ಈಗ ತುದಿ ಅಣಬೆಯ ತಲೆಯ ಹಾಗೆ ಚಪ್ಪಟೆಯಾಗಿ ಅರಳಿತ್ತು, ಸುತ್ತಿಗೆಯಲ್ಲಿ ಬಡಿದರೆ ಆಗುತ್ತಲ್ಲ, ಹಾಗೆ. ನೆಲದೊಳಗಿದ್ದ ತುದಿ. ಆ ಗೂಟ ಈಗಲೂ ಅಕ್ಕನ ಮನೆ ಬಾಗಿಲ ಹಿಂದೆ ನಿಂತಿದೆ. ಸುಳ್ಳು ಅನ್ನುವವರು ಹೋಗಿ ಮುಟ್ಟಿ ನೋಡಲಿ.